ಆರಾದ ಮೇಲೆ ಎಂಟು

ಆರ್.ಟಿ. ನಗರದ ಆ ಎರಡನೇ ಮಹಡಿಯ ಪುಟ್ಟ ಮನೆಯಲ್ಲಿ ದಿನವೂ ನಾಲ್ಕೈದು ದನಿ ಕೇಳುತ್ತಿತ್ತು. ಇದ್ದವರು ಮಾತ್ರ ಮುನಿಆಂಜಿನಪ್ಪ ಒಬ್ಬರೇ. ಮೂವತ್ತು ವರ್ಷ ಬಸ್ ಕಂಡಕ್ಟರಾಗಿದ್ದವರಿಗೆ ಮಿಮಿಕ್ರಿ ಟಿಕೆಟ್ಟಿನ ಜೊತೆಗೇ ಹರಿದು ಬಂದಿತ್ತು. ಸೊಪ್ಪಿನ ಗಾಡಿಯವನ ಕೂಗು, ಹಳೆಯ ಡ್ರೈವರ್ ಮಂಜೂರನ ಉರ್ದು ಬೆರೆತ ಕನ್ನಡ, ಕುಕ್ಕರಿನ ಸೀಟಿ, ಎಲ್ಲ ಆ ಗಂಟಲಲ್ಲೇ. ತಮಗೆ ತಾವೇ ಉತ್ತರ ಕೊಟ್ಟುಕೊಂಡು ಹೇಗೋ ಸಂಜೆ ಮಾಡುತ್ತಿದ್ದರು.

ಬಚ್ಚಲಲ್ಲಿ ಜಾರಿ ಬಿದ್ದು ಮೂರು ತಿಂಗಳಾಗಿತ್ತು. ಮೂಳೆ ಉಳಿದಿತ್ತು, ಧೈರ್ಯ ಮುರಿದಿತ್ತು. "ರಿಟೈರಾದಾಗ್ಲೇ ಬೀಳ್ಕೊಡುಗೆ ಕೊಟ್ಟಿದ್ರು ಕಣಮ್ಮ, ನಾನು ಬೀಳೋದೇ ಲೇಟಾಯ್ತು" ಎಂದು ವ್ಯಾಯಾಮ ಕಲಿಸಲು ಬರುವ ಫಿಸಿಯೋಥೆರಪಿಸ್ಟ್ ರೂಬಿಗೆ ಹೇಳಿದ್ದರು. ಅವಳು ನಕ್ಕು, ಗೋಡೆಗೆ ಒತ್ತಿಸಿಟ್ಟ ಕುರ್ಚಿ ತೋರಿಸಿದ್ದಳು.

"ಅಂಕಲ್, ಕೈ ಊರದೆ ಹತ್ತು ಸಲ ಎದ್ದು ಕೂತ್ಕೊಳ್ಳಿ. ಆಮೇಲೆ ಅಡುಗೆ ಕಟ್ಟೆ ಹಿಡ್ಕೊಂಡು ಹಿಮ್ಮಡಿ ಎತ್ತಿ ಇಳಿಸಿ. ಶನಿವಾರ ನನ್ನೆದುರು ಹತ್ತು ಪೂರ್ತಿ ಆದ್ರೆ ಮೆಟ್ಲು ನೀವೊಬ್ರೇ ಹತ್ತಬಹುದು, ಇಳೀಬಹುದು. ಇಲ್ಲಾಂದ್ರೆ ಇನ್ನೊಂದು ತಿಂಗ್ಳು ಮೇಲೇನೇ."

ಇನ್ನೊಂದು ತಿಂಗಳು! ಕಿಟಕಿಯಿಂದ ಬಸ್ಸುಗಳ ನೆತ್ತಿಯನ್ನಷ್ಟೇ ನೋಡಿ ಅವರಿಗೆ ಸಾಕಾಗಿತ್ತು.

ಶನಿವಾರ ರೂಬಿ ಬಂದಳು. ಮುನಿಆಂಜಿನಪ್ಪ ಎದೆಗೆ ಕೈ ಕಟ್ಟಿ, ಮುಂದಕ್ಕೆ ಬಾಗಿ, ಮಂಜೂರನ ದನಿಯಲ್ಲಿ ಎಣಿಸುತ್ತ ಎದ್ದು ಕೂತರು. "ಐದು, ಆರು, ಎಂಟು, ಒಂಬತ್ತು, ಹತ್ತು! ರೈಟ್ ರೈಟ್!"

"ಹೋಲ್ಡಾನ್ ಅಂಕಲ್. ಒಂಬತ್ತೇ ಆಗಿರೋದು. ಏಳು ಎಲ್ಲಿ?"

"ಅದು ರಿಸರ್ವ್ ಸೀಟಮ್ಮ."

"ತಮಾಷೆ ಬೇಡಿ. ದಿನಾ ಹಿಂಗೇ ಹಾರಿಸ್ತಿದ್ರಾ?"

ಅವರ ಮುಖದ ನಗು ಇಳಿಯಿತು. "ಅದು ನಂಬರಲ್ಲ ಕಣಮ್ಮ. ನಮ್ಮನೆಯೋಳ ಮಾತು."

ಹೆಂಡತಿ ಮುನಿಕೃಷ್ಣಮ್ಮ ನೆಂಟರೆದುರು 'ರೀ' ಎನ್ನುತ್ತಿದ್ದವಳು, ನಸುಕಿನ ಡ್ಯೂಟಿಗೆ ಎಬ್ಬಿಸುವಾಗ ಮಾತ್ರ ಏಕವಚನಕ್ಕಿಳಿಯುತ್ತಿದ್ದಳು: "ಏಳು, ಒತ್ತಾಯ್ತು." ಅವಳು ಹೋಗಿ ಎರಡು ವರ್ಷ. ಈಗ ಅಂಗಡಿಯವನು, ಡಾಕ್ಟರು, ಈ ಹುಡುಗಿ, ಎಲ್ಲರೂ 'ಏಳಿ, ಕೂತ್ಕೊಳ್ಳಿ' ಎನ್ನುವವರೇ. ಒಬ್ಬನೇ ಇರುವ ಮನುಷ್ಯನಿಗೆ ಎಷ್ಟೊಂದು ಬಹುವಚನ! ಊರವರ ದನಿಯೆಲ್ಲ ತೆಗೆದ ಗಂಟಲು ಅವಳದನ್ನು ಮಾತ್ರ ಮುಟ್ಟಿರಲಿಲ್ಲ.

ರೂಬಿ ನೀರು ಕೊಟ್ಟಳು. ಆಮೇಲೆ, "ಮೊದಲಿಂದ ಮಾಡೋಣ" ಎಂದಳು.

ಆರರವರೆಗೆ ಮಂಜೂರನೇ ಎಣಿಸಿದ. ಕೈ ಕುರ್ಚಿಯ ಹಿಡಿಯತ್ತ ಹೋಗಿ ಹಿಂದೆ ಬಂತು. ಆಗ ತೆಳ್ಳಗೆ, ನಿದ್ದೆಗಣ್ಣಿನ ಹೆಂಗಸಿನ ದನಿಯೊಂದು ಹೊರಟಿತು: "ಏಳು."

ಎದ್ದರು. ಎಂಟು, ಒಂಬತ್ತು, ಹತ್ತು ಯಾರ ದನಿಯಲ್ಲಿ ಬಂದವೋ ಅವರಿಗೇ ತಿಳಿಯಲಿಲ್ಲ.

ಸೋಮವಾರ ಬೆಳಿಗ್ಗೆ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲಿಳಿದು, ಬಸ್ ಸ್ಟಾಪಿನ ಬೆಂಚಿನಲ್ಲಿ ಕುಳಿತರು. ಗುರುತಿನ ಮುಖ ಒಂದೂ ಇರಲಿಲ್ಲ. ಯಶವಂತಪುರದ ಬಸ್ಸು ಬಂತು.

"ಹತ್ತಿ ಯಜಮಾನ್ರೇ, ಬೇಗ ಹತ್ತಿ!" ಎಂದ ಕಂಡಕ್ಟರು.

ಮುನಿಆಂಜಿನಪ್ಪ ಎದೆಗೆ ಕೈ ಕಟ್ಟಿ, ಮುಂದಕ್ಕೆ ಬಾಗಿದರು. ಯಾರಿಗೂ ಕೇಳದಷ್ಟು ಮೆಲ್ಲಗೆ, "ಏಳು, ಒತ್ತಾಯ್ತು" ಎಂದರು. ಎದ್ದರು.