ಮೂರನೇ ಕೋಷ್ಟಕದ ಸೊನ್ನೆ

ಕೈಪಿಡಿಯ ಕರಡಚ್ಚು ಆರೋಗ್ಯ ಕಚೇರಿಗೆ ಬಂದದ್ದು ಸೋಮವಾರ ಬೆಳಿಗ್ಗೆ. ಅಂದು ಮಧ್ಯಾಹ್ನವೇ ಪಕ್ಕದ ಕೋಣೆಯಲ್ಲಿ ಹೊಲಿಗೆ ಮಿಷನ್ನಿನ ಸದ್ದು ಶುರುವಾಯಿತು. ಆ ಕೋಣೆಯಲ್ಲಿ ಇದ್ದದ್ದು ಹಳೆಯ ಕಡತಗಳು, ಕಾಲು ಮುರಿದ ಎರಡು ಕುರ್ಚಿ, ಅಷ್ಟೇ. ಲೆಕ್ಕದಕ್ಕ ಎದ್ದು ಹೋಗಿ ಬಾಗಿಲು ತೆರೆದಳು; ಸದ್ದು ನಿಂತಿತು. ಬಂದು ಕೂತಳು, ಮತ್ತೆ ಕಾಲಲ್ಲಿ ತುಳಿಯುವ ಅದೇ ಟಕಟಕ, ನಡುವೆ ದಾರ ಕಡಿಯುವಷ್ಟು ಹೊತ್ತು ಮೌನ.

ಯಾವ ಬೀದಿಯಲ್ಲಿ ಎಷ್ಟು ಜ್ವರ, ಎಷ್ಟು ಸಾವು ಎಂಬುದೆಲ್ಲ ನಾಲಿಗೆಯ ತುದಿಯಲ್ಲೇ ಇರುತ್ತಿದ್ದುದರಿಂದ ಅವಳಿಗೆ ಆ ಹೆಸರು. ಇಪ್ಪತ್ತೆರಡು ವರ್ಷದ ಹಿಂದೆ ಅವಳೂ ಆಗ ಕಚೇರಿಯ ಮುಖ್ಯಸ್ಥರಾಗಿದ್ದ ದೊಡ್ಡ ಡಾಕ್ಟರೂ ಸೇರಿ ಒಂದು ಲೇಖನ ಪ್ರಕಟಿಸಿದ್ದರು. ಅದನ್ನೇ ಈಗ ಇಲಿ ನಿವಾರಣೆಯ ಹೊಸ ಕೈಪಿಡಿಯಲ್ಲಿ ಮರುಮುದ್ರಿಸುತ್ತಿದ್ದರು. ಅವಳು ಒಮ್ಮೆ ಓದಿ, ಕೆಳಗೆ ‘ಸರಿಯಿದೆ’ ಎಂದು ಬರೆದರೆ ಮುಗಿಯಿತು. ಮುಂದಿನ ಸೋಮವಾರ ಗಿರಣಿಯ ಹಿಂದಿನ ಇನ್ನೂರು ಮನೆಗಳಲ್ಲಿ ಅದರ ಪ್ರಕಾರವೇ ವಿಷ ಇಡುವುದೆಂದು ನಿಶ್ಚಯವಾಗಿತ್ತು.

ಇಲಿ ಸತ್ತು ಮೈ ತಣ್ಣಗಾದರೆ ಅದರ ಮೇಲಿನ ಚಿಗಟ ಬೇರೆ ಬೆಚ್ಚನೆಯ ಮೈ ಹುಡುಕಿಕೊಂಡು ಹೊರಡುತ್ತದೆ, ಅದರ ಜೊತೆಗೆ ಜ್ವರವೂ. ಅದಕ್ಕೇ ಮೊದಲು ಬಿಲಗಳಿಗೆ ಚಿಗಟದ ಪುಡಿ ಹಾಕಿ, ಆಮೇಲೆ ಇಲಿಗೆ ವಿಷ ಇಡಬೇಕು. ಲೇಖನ ಬರೆದ ಆ ವರ್ಷ ಪುಡಿ ಸಿಗಲಿಲ್ಲ. ಗೋದಾಮು ಬೀದಿಯ ಮೂವತ್ತೆಂಟು ಮನೆಗಳಲ್ಲಿ ಬರೀ ವಿಷ ಇಟ್ಟರು. ಬೀದಿಯ ಗಡಿಯೊಳಗೆ ಸತ್ತವರನ್ನು ಮಾತ್ರ ಎಣಿಸುವುದು ಲೇಖನದ ನಿಯಮ. ಮೂರನೇ ಕೋಷ್ಟಕದಲ್ಲಿ, ವಿಷ ಇಟ್ಟ ನಂತರ ಜ್ವರದಿಂದ ಸತ್ತವರು: ಸೊನ್ನೆ. ಹಾಗಾಗಿ ಪುಡಿ ಇಲ್ಲದಿದ್ದರೂ ನಡೆಯುತ್ತದೆ ಎಂದು ಬರೆದರು. ಆ ಸೊನ್ನೆಯಿಂದ ದೊಡ್ಡ ಡಾಕ್ಟರಿಗೆ ಹೆಸರು ಬಂತು. ಇವಳಿಗೆ ಕುರ್ಚಿ, ಮೇಜು, ಕಿಟಕಿ ಇರುವ ಕೋಣೆ ಬಂತು.

ಹದಿನಾರನೇ ಮನೆಯಲ್ಲಿ ಒಬ್ಬಳು ಬಟ್ಟೆ ಹೊಲಿಯುತ್ತಿದ್ದಳು. ಲೆಕ್ಕದಕ್ಕ ಹೋದಾಗಲೆಲ್ಲ ಮಿಷನ್ ನಿಲ್ಲಿಸಿ ನೀರು ಕೊಡುತ್ತಿದ್ದಳು. ಸತ್ತ ಇಲಿಗಳನ್ನು ಬಾಲ ಹಿಡಿದು ಎತ್ತಿ ಹಾಕಿದವಳೂ ಅವಳೇ. ವಾರದೊಳಗೆ ಜ್ವರ ಬಂದು ತವರಿಗೆ ಹೋದಳು, ಅಲ್ಲೇ ತೀರಿಕೊಂಡಳು. ಬೀದಿಯ ಹೊರಗೆ ಸತ್ತದ್ದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ ಎಂದರು ದೊಡ್ಡ ಡಾಕ್ಟರು. ನಿಯಮ ನಿಯಮವೇ. ಒಬ್ಬಳು ತಾನೇ, ಎಂದುಕೊಂಡಿದ್ದಳು ಇವಳು.

ಮಂಗಳವಾರ ಬೆಳಿಗ್ಗೆ ಮನೆಯಲ್ಲಿ ಪಾತ್ರೆ ತೊಳೆಯುವಾಗಲೂ ಆ ಸದ್ದು ಗೋಡೆಯಾಚೆ ಕೇಳಿ, ಲೆಕ್ಕದಕ್ಕ ತೊಳೆಯುವುದು ಬಿಟ್ಟು ಗೋಡೆಗೆ ಕಿವಿಯಿಟ್ಟಳು. ಒಟ್ಟಿಗೇ ಇದ್ದ ಓರಗಿತ್ತಿ ನಕ್ಕಳು. “ಇಲಿ ಇರ್ಬೇಕು ಬಿಡಕ್ಕ. ಊರಿಗೆಲ್ಲ ವಿಷ ಇಡೋರ ಮನೇಲಿ ಇಲಿಗೆ ಏನು ಭಯ?”

ಲೆಕ್ಕದಕ್ಕ ನಗಲಿಲ್ಲ. ನಿನಗೆ ಜೋರು ಜ್ವರ ಬಂದರೆ ಎಲ್ಲಿಗೆ ಹೋಗುತ್ತೀ ಎಂದು ಕೇಳಿದಳು.

“ಇನ್ನೆಲ್ಲಿಗೆ, ನಮ್ಮಮ್ಮನ ಹತ್ರ. ಇಲ್ಲಿ ಮಲಗಿದ್ರೆ ನಿಮ್ಮ ಮೈದುನ ಒಂದು ಲೋಟ ಬಿಸಿನೀರು ಕಾಯಿಸಿ ಕೊಡ್ತಾರಾ? ನೀವೇ ಹೇಳಿ, ಯಾವ ಹೆಂಗಸು ಹೋಗಲ್ಲ?”

ಲೆಕ್ಕದಕ್ಕ ಒದ್ದೆ ಕೈಯಲ್ಲೇ ನಿಂತುಬಿಟ್ಟಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಅಂದು ಗೋದಾಮು ಬೀದಿಯ ಗಂಡಸರು ಜ್ವರ ಬಂದಾಗ ತಮ್ಮ ಮನೆಗಳಲ್ಲೇ ಮಲಗಿದ್ದರು, ಹೆಂಡಂದಿರ ಕೈಯಲ್ಲಿ ಆರೈಕೆ ಮಾಡಿಸಿಕೊಂಡು ಎದ್ದಿದ್ದರು. ಹೆಂಗಸರು ಮಾತ್ರ ಗಡಿ ದಾಟಿ ಹೋಗಿದ್ದರು.

ಬುಧವಾರ ಅವಳು ಹೊಲಿಗೆಯವಳ ತಾಯಿಯ ಮನೆಗೆ ಹೋದಳು. ಮುದುಕಿಗೆ ಕಣ್ಣು ಮಂಜಾಗಿತ್ತು, ಆದರೆ ದನಿ ಕೇಳುತ್ತಲೇ ಗುರುತು ಹಿಡಿದಳು.

“ಆವತ್ತೂ ಅಲ್ಲೇ ನಿಂತಿದ್ರಿ ನೀವು, ಹೊಸಿಲಿಂದ ಆಚೆ. ಕೈಯಲ್ಲಿ ಪುಸ್ತಕ ಇತ್ತು. ಬರೀಲಿಲ್ಲ.”

ಹೌದು, ಲೆಕ್ಕದಕ್ಕ ಅಂದು ಬಂದಿದ್ದಳು. ಜ್ವರದ ನಾಲ್ಕನೇ ದಿನ. ಒಳಗೆ ನರಳುವುದು ಕೇಳಿಸಿತ್ತು. ಇದು ಗಡಿಯ ಹೊರಗೆ ಎಂದು ತನಗೆ ತಾನೇ ಹೇಳಿಕೊಂಡು ಹಿಂತಿರುಗಿದ್ದಳು.

“ನೀವು ಹೋದ ಮೇಲೆ ಕೇಳಿದ್ಲು, ಲೆಕ್ಕದಕ್ಕ ಬಂದಿದ್ರಾ ಅಂತ. ಬಂದಿದ್ರು ಅಂದೆ. ಬರ್ಕೊಂಡ್ರಾ ಅಂದ್ಲು. ಹೂಂ, ಬರ್ಕೊಂಡ್ರು ಕಣೇ ಅಂದೆ.” ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡಳು. “ಸಾಯೋ ಮಗಳಿಗೆ ಸುಳ್ಳು ಹೇಳಿಸಿದ್ರಿ ನನ್ನ ಕೈಲಿ.”

ಈ ಸಲ ಲೆಕ್ಕದಕ್ಕ ಹೊಸಿಲು ದಾಟಿ ನೆಲದ ಮೇಲೆ ಕೂತು ಬರೆದುಕೊಂಡಳು. ಆಮೇಲೆ ಎರಡು ದಿನ ರಜೆ ಹಾಕಿ, ಗೋದಾಮು ಬೀದಿಯ ಹಳಬರನ್ನು ಕೇಳುತ್ತ, ಅಂದು ಜ್ವರ ಹೊತ್ತು ಹೋದವರ ತವರುಮನೆಗಳ ಬಾಗಿಲು ತಟ್ಟಿದಳು. ಕೆಲವು ಕಡೆ ಅಣ್ಣಂದಿರು, ಒಂದು ಕಡೆ ಅತ್ತಿಗೆ, ಒಂದು ಕಡೆ ಬರೀ ಫೋಟೊ. ಶುಕ್ರವಾರದ ಹೊತ್ತಿಗೆ ಲೆಕ್ಕ ಏಳಕ್ಕೆ ನಿಂತಿತು. ಎಲ್ಲರೂ ಹೆಂಗಸರೇ, ಎಲ್ಲರೂ ವಿಷ ಇಟ್ಟ ಮೂರು ವಾರದೊಳಗೆ.

ಒಬ್ಬಳನ್ನು ಒಪ್ಪಿಕೊಂಡರೆ ಕಾಟ ತಪ್ಪೀತು ಎಂದುಕೊಂಡಿದ್ದಳು. ಈಗ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೂ ಯಾರೋ ಒತ್ತಿ ಕೂತ ಹಾಗಾಗುತ್ತಿತ್ತು. ಮೆಟ್ಟಿಲು ಹತ್ತುವಾಗ ಹಿಂದೆ ಸೀರೆಗಳ ಸರಪರ.

ಶನಿವಾರ ಬೆಳಿಗ್ಗೆ ದೊಡ್ಡ ಡಾಕ್ಟರಿಗೆ ಫೋನ್ ಮಾಡಿದಳು. ನಿವೃತ್ತರಾಗಿ ಎಷ್ಟೋ ಕಾಲವಾಗಿತ್ತು. ಎಲ್ಲ ಕೇಳಿಸಿಕೊಂಡು, “ಬೆಟ್ಟ ಅಗೆದು ಇಲಿ ಹಿಡಿಯೋಕೆ ಹೊರಟಿದ್ದೀಯಲ್ಲಮ್ಮ, ಈ ವಯಸ್ಸಲ್ಲಿ,” ಎಂದರು.

“ಇಲಿ ಅಲ್ಲ ಸಾರ್. ಏಳು ಜನ ಹೆಂಗಸರು.”

ಲೇಖನದಲ್ಲಿ ನನ್ನ ಹೆಸರು ಮೊದಲು ಇದೆಯಲ್ಲ, ಎಂದರು ಡಾಕ್ಟರು.

“ಅದರ ಕೆಳಗೇ ನಂದೂ ಇದೆ,” ಎಂದಳು.

ಕರಡಚ್ಚಿನಲ್ಲಿ ಸೊನ್ನೆ ಹೊಡೆದುಹಾಕಿ ಏಳು ಎಂದು ಬರೆದಳು. ಅಂಚಿನಲ್ಲಿ, ತಪ್ಪು ನನ್ನದು, ಪುಡಿ ಹಾಕದೆ ವಿಷ ಇಡಬೇಡಿ ಎಂದು ಬರೆದು ಸಹಿ ಹಾಕಿ, ತಾನೇ ಕಚೇರಿಯ ಈಗಿನ ಅಧಿಕಾರಿಯ ಮೇಜಿನ ಮೇಲಿಟ್ಟಳು. ಆತ ಎರಡು ಸಲ ಓದಿದ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದ. ಅವಳು ಪುಸ್ತಕ ತೆರೆದು ಏಳು ಹೆಸರು ತೋರಿಸಿದಳು. ಪುಡಿ ಬರುವವರೆಗೆ ವಿಷ ಇಡಬಾರದೆಂದು ಆತ ಆದೇಶ ಬರೆಯುವುದನ್ನು ನಿಂತೇ ನೋಡಿದಳು.

ಸೋಮವಾರ ಗಿರಣಿಯ ಹಿಂದೆ ಮನೆಗಣತಿಗೆ ಅವಳೇ ಹೋದಳು. ಮೊದಲ ಮನೆಯ ಬಾಗಿಲಲ್ಲಿ, ಕಂಕುಳಲ್ಲಿ ಮಗು ಎತ್ತಿಕೊಂಡ ಎಳೆಯ ಹೆಂಗಸು. ಎಷ್ಟು ಜನ, ಎಷ್ಟು ಬಿಲ ಎಂದು ಕೇಳಿದ ಮೇಲೆ, ನಿನ್ನ ತವರು ಯಾವುದಮ್ಮ ಎಂದಳು.

“ಅದ್ಯಾಕಕ್ಕ? ನಮ್ಮಮ್ಮನ ಮನೇಲೂ ವಿಷ ಇಡ್ತೀರಾ?” ಹುಡುಗಿ ನಕ್ಕಳು.

ಲೆಕ್ಕದಕ್ಕ ಪೆನ್ನು ಹಿಡಿದು ಕಾದಳು. ಬೆನ್ನ ಹಿಂದೆ ಯಾರೋ ಕತ್ತು ಚಾಚಿ, ಅವಳು ಬರೆಯುತ್ತಾಳೋ ಇಲ್ಲವೋ ಎಂದು ಪುಸ್ತಕದೊಳಗೆ ಇಣುಕುತ್ತಿದ್ದರು.