ಮರಳಿಗೆ ಇಪ್ಪತ್ತು ಕೊಡ ನೀರು

ಆ ತಂಪಿನ ತೊಟ್ಟಿಯ ಬಗ್ಗೆ ಕೇಳಿದರೆ ನಾನು ಒಳ್ಳೆಯದನ್ನೇ ಹೇಳಬೇಕು. ಅದರೊಳಗೆ ಇಟ್ಟ ಹಣ್ಣು ಕೆಡುತ್ತಿರಲಿಲ್ಲ, ಅದು ನಿಜ. ಸುಳ್ಳು ಹೇಳಿ ನನಗೇನಾಗಬೇಕು? ಬೆಳಿಗ್ಗೆ ಹತ್ತು ಕೊಡ, ಸಂಜೆ ಹತ್ತು ಕೊಡ ನೀರು ಹೊತ್ತು ಸುರಿದವಳು ನಾನು. ನನ್ನ ತಕರಾರು ಅಷ್ಟೇ.

ಹಾನುಬಾಳಿನಿಂದ ಎರಡು ಮೈಲಿ ಒಳಗೆ ನಮ್ಮ ತೋಟ. ಆರು ಎಕರೆ ಕಾಫಿ, ನಡುವೆ ಅಲ್ಲಲ್ಲಿ ನಲವತ್ತು ಕಿತ್ತಳೆ ಗಿಡ. ಕಿತ್ತಳೆಯ ಹಣೆಬರಹ ಏನೆಂದರೆ ಎಲ್ಲರ ಮನೆಯಲ್ಲೂ ಒಂದೇ ಸಲ ಹಣ್ಣಾಗುತ್ತದೆ. ಜನವರಿಯಲ್ಲಿ ಸಕಲೇಶಪುರದ ಸಂತೆಗೆ ಹೋದರೆ ಕಾಲಿಡಲು ಜಾಗವಿಲ್ಲದಷ್ಟು ರಾಶಿ. ಮನೆಯಲ್ಲಿಟ್ಟರೆ ಹತ್ತು ದಿನಕ್ಕೆ ಸಿಪ್ಪೆ ಸುಕ್ಕುಗಟ್ಟುತ್ತದೆ. ಶಿವರಾತ್ರಿ ಉಪವಾಸಕ್ಕೆ ಎಲ್ಲರಿಗೂ ಹಣ್ಣು ಬೇಕು, ಆಗ ಯಾರ ಹತ್ತಿರವೂ ಇರುವುದಿಲ್ಲ. ಆ ದಿನದವರೆಗೆ ಹಣ್ಣು ಇಟ್ಟುಕೊಳ್ಳಬೇಕು ಅನ್ನುವುದು ಇವರ ಬಹಳ ವರ್ಷದ ಹಂಬಲ. ಗಂಡನ ಹೆಸರು ಹೇಳುವ ಅಭ್ಯಾಸ ನನಗಿಲ್ಲ, ಇವರು ಅಂತಲೇ ಅನ್ನುತ್ತೇನೆ. ಊರಿನವರು ಚಲುವಯ್ಯ ಅನ್ನುತ್ತಾರೆ.

ತೊಂಬತ್ತೆಂಟರ ಕೊನೆಯಲ್ಲಿ ತೋಟಗಾರಿಕೆ ಇಲಾಖೆಯ ಸಾಹೇಬರು ಒಬ್ಬರು ಬಂದರು. ಸಣ್ಣ ವಯಸ್ಸು, ಮೆತ್ತಗಿನ ಮಾತು. ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಾ, ಕಿತ್ತ ಮೇಲೂ ಹಣ್ಣಿಗೆ ಜೀವ ಇರುತ್ತದೆ, ಅದು ಉಸಿರಾಡುತ್ತಲೇ ಇರುತ್ತದೆ ಎಂದರು. ಸೆಖೆಯಲ್ಲಿ ಇಟ್ಟರೆ ಏದುಸಿರು ಬಿಟ್ಟು ಬೇಗ ಮುಗಿದುಹೋಗುತ್ತದೆ, ತಂಪಿನಲ್ಲಿಟ್ಟರೆ ನಿಧಾನವಾಗಿ ಉಸಿರಾಡಿಕೊಂಡು ಬಹಳ ದಿನ ಇರುತ್ತದೆ ಅಂದರು. ನನಗೆ ಆ ಮಾತು ಹಿಡಿಸಿತು. ಅಡುಗೆಮನೆ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡೆ.

ಅವರು ಕೊಟ್ಟ ಕಾಗದದಲ್ಲಿ ಚಿತ್ರ ಇತ್ತು. ಸೊಂಟದೆತ್ತರದ ಒಂದು ಇಟ್ಟಿಗೆ ತೊಟ್ಟಿ, ಅದರ ಸುತ್ತ ಒಂದು ಗೇಣು ಬಿಟ್ಟು ಇನ್ನೊಂದು ಇಟ್ಟಿಗೆ ಗೋಡೆ. ಎರಡರ ನಡುವೆ ಹೊಳೆಯ ಮರಳು. ಆ ಮರಳು ಸದಾ ಒದ್ದೆ ಇರಬೇಕು. ನೀರು ಆರುತ್ತಾ ಆರುತ್ತಾ ಒಳಗಿನ ಶಾಖ ಎಳೆದುಕೊಳ್ಳುತ್ತದೆ, ಮಣ್ಣಿನ ಹೂಜಿ ಇದ್ದ ಹಾಗೆ. ಮೇಲೆ ಒದ್ದೆ ಗೋಣಿಯ ಮುಚ್ಚಳ, ಅದರ ಮೇಲೆ ಹುಲ್ಲಿನ ಚಪ್ಪರ.

"ಕರೆಂಟ್ ಬೇಡ, ಮಷೀನ್ ಬೇಡ. ಖರ್ಚೇ ಇಲ್ಲ ಚಲುವಯ್ಯನವರೇ" ಎಂದರು ಸಾಹೇಬರು.

ಚಿತ್ರದ ಮೂಲೆಯಲ್ಲಿ ಒಂದು ಡ್ರಮ್ಮು, ಅದರಿಂದ ಇಳಿದ ಸಣ್ಣ ಪೈಪು ಇತ್ತು. ಅದನ್ನು ತೋರಿಸಿ, ಇದೊಂದು ಮಾಡಿಕೊಂಡರೆ ನೀರು ತಾನಾಗಿ ತೊಟ್ಟಿಕ್ಕುತ್ತದೆ ಅಂದರು.

"ಅದೆಲ್ಲ ಯಾಕ್ ಸಾ, ಮನೇಲಿ ಹೆಂಗಸ್ರು ಅವ್ರಲ್ಲ, ಹಾಕ್ತಾರೆ" ಎಂದರು ಇವರು.

ಮನೆಯಲ್ಲಿ ಹೆಂಗಸರು ಅಂದರೆ ಎಷ್ಟು ಮಂದಿ ಎಂದು ಸಾಹೇಬರು ಕೇಳಲಿಲ್ಲ. ನಾನೊಬ್ಬಳೇ. ಅತ್ತೆ ತೀರಿಕೊಂಡು ಆರು ವರ್ಷ ಆಗಿತ್ತು. ಮಗಳು ಬಿಂದುಶ್ರೀ ಸಕಲೇಶಪುರದಲ್ಲಿ ಹಾಸ್ಟೆಲ್ಲಿನಲ್ಲಿದ್ದಳು. ಕೆಲಸಕ್ಕೆ ಬರುವ ಭೂತಮ್ಮ ಕಾಫಿ ಕುಯ್ಲು ಶುರುವಾದರೆ ಮಗ್ಗುಲಿನ ಎಸ್ಟೇಟಿಗೆ ಹೋಗಿಬಿಡುತ್ತಾಳೆ. ಆದರೂ ಆ ಹೊತ್ತು ನಾನು ಬಾಯಿ ಬಿಡಲಿಲ್ಲ. ನನಗೂ ಹಾಗೆ ಕೇಳಬೇಕು ಅನ್ನಿಸಲೇ ಇಲ್ಲ, ಅದೇ ಈಗ ಉರಿಯುವುದು. ನಮ್ಮ ಕಡೆ ಗಂಡಸರು ಗೊಬ್ಬರ ಹೊರುತ್ತಾರೆ, ಮರದ ದಿಮ್ಮಿ ಹೊರುತ್ತಾರೆ, ನೀರಿನ ಕೊಡ ಹೊರುವುದಿಲ್ಲ. ಯಾಕೆ ಎಂದು ಯಾರೂ ಹೇಳಿಲ್ಲ, ಯಾರೂ ಕೇಳಿಯೂ ಇಲ್ಲ.

ನೀರು ಎಲ್ಲಿಂದ? ಮನೆಯ ಹಿಂದಿನ ದಿಣ್ಣೆಯ ಮೇಲೆ ಒಂದು ಒರತೆ ಇದೆ, ಬೇಸಿಗೆಯಲ್ಲೂ ಬತ್ತುವುದಿಲ್ಲ. ಖಾಲಿ ಕೊಡ ಹಿಡಿದು ಹತ್ತಬೇಕು, ತುಂಬಿದ ಕೊಡ ಹೊತ್ತು ಇಳಿಯಬೇಕು. ಹತ್ತುವಾಗ ಉಸಿರು ಹೋಗುತ್ತದೆ, ಇಳಿಯುವಾಗ ಮಂಡಿ ಹೋಗುತ್ತದೆ. ಮೊದಲ ವರ್ಷ ನಲವತ್ತು ದಿನ ಹೀಗೇ ಮಾಡಿದೆ. ಶಿವರಾತ್ರಿಯ ಹಿಂದಿನ ದಿನ ಮುಚ್ಚಳ ತೆಗೆದರೆ ಹಣ್ಣು ನಿನ್ನೆ ಕಿತ್ತ ಹಾಗಿತ್ತು. ಊರೆಲ್ಲ ನೋಡಲು ಬಂತು. ಇವರು ಎಲ್ಲರಿಗೂ ಹಣ್ಣಿನ ಉಸಿರಿನ ಕತೆ ಹೇಳಿದ್ದೇ ಹೇಳಿದ್ದು. ನನಗೂ ಹೆಮ್ಮೆಯಾಯಿತು, ಯಾಕೆ ಸುಳ್ಳು ಹೇಳಲಿ. ಸೊಂಟಕ್ಕೆ ಎಣ್ಣೆ ಹಚ್ಚಿಕೊಂಡು ಹೆಮ್ಮೆಪಟ್ಟೆ.

ಎರಡನೆಯ ವರ್ಷ, ಅಂದರೆ ಎರಡು ಸಾವಿರದ ಇಸವಿಯಲ್ಲಿ, ಜನವರಿ ಇಪ್ಪತ್ತಕ್ಕೆ ಹಣ್ಣು ಇಳಿಸಿದೆವು. ಜಗ್ಗಿ ಕೀಳದೆ ತೊಟ್ಟು ಉಳಿಸಿ ಕತ್ತರಿಯಿಂದ ಕತ್ತರಿಸಿ, ಒಂದೊಂದನ್ನೇ ಬಟ್ಟೆಯಿಂದ ಒರೆಸಿ ಕ್ರೇಟಿಗೆ ಜೋಡಿಸಿದ್ದೆ. ಹನ್ನೆರಡು ದಿನಕ್ಕೆ ಹಾನುಬಾಳಿನ ವೀರಯ್ಯನ ಅಂಗಡಿಗೆ ನನ್ನ ತಮ್ಮ ವಸಂತ ಫೋನು ಮಾಡಿದ. ಅವ್ವನಿಗೆ ಕಾಲು ಬಾವು ಬಂದಿದೆ, ಮಲಗಿದರೆ ಉಸಿರು ಕಟ್ಟುತ್ತದೆ, ಕೂತೇ ಬೆಳಗು ಮಾಡುತ್ತಾಳೆ, ಅಕ್ಕ ಬಂದು ನಾಲ್ಕು ದಿನ ಇದ್ದು ಹೋಗಲಿ ಎಂದಿದ್ದನಂತೆ.

ನನ್ನ ತವರು ಹೊಂಗಡಹಳ್ಳ. ಇಲ್ಲಿಂದ ಸಕಲೇಶಪುರಕ್ಕೆ ಒಂದು ಬಸ್ಸು, ಅಲ್ಲಿಂದ ಬಿಸಲೆ ರಸ್ತೆಗೆ ಇನ್ನೊಂದು ಬಸ್ಸು. ಎರಡೂ ಸರಿಯಾಗಿ ಸಿಕ್ಕರೆ ಮೂರೂವರೆ ಗಂಟೆ.

"ಹೋಗ್ಬರ್ಲೇನ್ರೀ ನಾಲ್ಕು ದಿನ?" ಎಂದು ಕೇಳಿದೆ.

ಇವರು ತೊಟ್ಟಿಯ ಕಡೆ ನೋಡಿದರು. "ಈಗ್ಲೇ ಹೋದ್ರೆ ಹೆಂಗೆ ಕಣೇ? ಮರಳು ಒಂದಿನ ಒಣಗಿದ್ರೂ ಹಣ್ಣು ಹೋಗ್ಬುಡ್ತವೆ. ಶಿವರಾತ್ರಿ ಕಳ್ದುಬುಡ್ಲಿ, ಹದಿನೈದ್ ದಿನ ಇದ್ದು ಬಾ, ನಾನೇನೂ ಬ್ಯಾಡ ಅನ್ನಕಿಲ್ಲ."

ಬೈಯಲಿಲ್ಲ, ಗದರಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹೊರಟುಬಿಡುತ್ತಿದ್ದೆನೇನೋ. ಅವರ ಮಾತು ನ್ಯಾಯವಾಗಿಯೇ ಕಂಡಿತು. ಹಣ್ಣು ಕೆಟ್ಟರೆ ನನ್ನ ಕೈಯಾರೆ ಒರೆಸಿಟ್ಟ ಹಣ್ಣೇ ಅಲ್ಲವೇ ಕೆಡುವುದು?

ಆದರೂ ಮನಸ್ಸು ತಡೆಯಲಿಲ್ಲ. ಒಂದು ವಾರ ಕಳೆದ ಮೇಲೆ ಒಂದು ಲೆಕ್ಕ ಹಾಕಿದೆ. ನಸುಕಿಗೇ ಹತ್ತು ಕೊಡ ಸುರಿದು ಏಳರ ಬಸ್ಸು ಹತ್ತಿದರೆ ಹತ್ತೂವರೆ, ಹನ್ನೊಂದಕ್ಕೆ ಅವ್ವನ ಹತ್ತಿರ. ವಾಪಸ್ ಬಸ್ಸು ಹನ್ನೆರಡಕ್ಕೆ. ಅದು ಹಿಡಿದರೆ ಸಂಜೆಯ ನೀರಿಗೆ ಮನೆ. ಹಾಗೇ ಮಾಡಿದೆ.

ಅವ್ವ ಗೋಡೆಗೆ ಎರಡು ದಿಂಬು ಒರಗಿಸಿಕೊಂಡು ಕೂತಿದ್ದಳು. ಸರೋಜಮ್ಮ ಅಂದರೆ ಒಂದು ಕಾಲಕ್ಕೆ ಊರಿಗೇ ಕೇಳುವ ಗಂಟಲು. ಈಗ ಎರಡು ಮಾತಿಗೊಮ್ಮೆ ನಿಂತು ಉಸಿರು ಎಳೆದುಕೊಳ್ಳಬೇಕಿತ್ತು. ಕಾಲು ಮುಟ್ಟಿದರೆ ಬೆರಳಿನ ಗುರುತು ಹಾಗೇ ಉಳಿಯುತ್ತಿತ್ತು. ನಾಲ್ಕು ಕಿತ್ತಳೆ ತಂದಿದ್ದೆ. ಒಂದು ಸುಲಿದು ತೊಳೆಯ ನಾರು ತೆಗೆದು ಬಾಯಿಗಿಟ್ಟೆ.

"ಈಗ ಕಿತ್ತಿದ್ದಾ?" ಎಂದಳು.

"ಇಲ್ಲ ಅವ್ವ, ಇಪ್ಪತ್ತು ದಿನ ಆಯ್ತು."

"ಪರ್ವಾಗಿಲ್ಲ ಕಣೇ ಜಗದಾಂಬ, ನಿನ್ ಗಂಡ ಬುದ್ಧಿವಂತ." ಸ್ವಲ್ಪ ಹೊತ್ತು ಉಸಿರು ತಗೊಂಡು ನನ್ನ ಅಂಗೈ ತಿರುಗಿಸಿ ನೋಡಿದಳು. ಕೊಡದ ಕಂಠ ಹಿಡಿದು ಹಿಡಿದು ಅಲ್ಲಿ ಗಂಟು ಕಟ್ಟಿತ್ತು. ಅದರ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ಗಡಿಯಾರದ ಕಡೆ ಅವಳೇ ನೋಡಿದಳು. "ಎದ್ದೇಳು. ಬಸ್ ಹೋಗ್ಬುಟ್ರೆ ಹಣ್ಣಿಗೆ ನೀರಿಲ್ಲ."

ಎದ್ದು ಬಂದೆ. ಅಲ್ಲಿದ್ದದ್ದು ನಲವತ್ತೈದು ನಿಮಿಷ. ಬಸ್ಸಿನಲ್ಲಿ ಹೆತ್ತೂರು ದಾಟುವವರೆಗೂ ಅತ್ತೆ. ಆಮೇಲೆ ಅಳುವುದಕ್ಕೂ ಸುಸ್ತಾಗಿ ಕಿಟಕಿಗೆ ತಲೆ ಕೊಟ್ಟು ನಿದ್ದೆ ಮಾಡಿಬಿಟ್ಟೆ. ಮನೆಗೆ ಬಂದು ಸೀರೆ ಕೂಡ ಬದಲಾಯಿಸದೆ ಹತ್ತು ಕೊಡ ಸುರಿದೆ.

ಅದಾಗಿ ಎಂಟನೆಯ ದಿನ ಬೆಳಿಗ್ಗೆ ವೀರಯ್ಯನೇ ನಡೆದುಕೊಂಡು ಬಂದ. ಅವನು ಅಂಗಡಿ ಬಿಟ್ಟು ಬರುವವನಲ್ಲ. ನಾನು ಏಳನೆಯ ಕೊಡ ಇಳಿಸುತ್ತಿದ್ದೆ. ಅವನ ಮುಖ ನೋಡಿದ ಕೂಡಲೇ ಗೊತ್ತಾಯಿತು. ಇನ್ನು ಮೂರು ಕೊಡ ಬಾಕಿ ಇತ್ತು. ಹಾಕಲಿಲ್ಲ.

ಇವರೂ ಜೊತೆಗೆ ಬಂದರು. ಅವ್ವನ ಮಣ್ಣು ಮುಗಿಸಿ ಆ ಸಂಜೆಯೇ ತೋಟಕ್ಕೆ ಹಿಂತಿರುಗಿದರು. ನಾನು ಹನ್ನೆರಡು ದಿನ ಇದ್ದೆ. ಬಂದವರೆಲ್ಲ ಅದನ್ನೇ ಹೇಳಿದರು: ಜಗದಾಂಬ ಯಾಕೆ ಬಂದಿಲ್ಲ ಎಂದು ಯಾರು ಕೇಳಿದರೂ ಅವ್ವ, "ಪಾಪ, ಅವಳ್ಗೆ ಹಣ್ಣು ಐತೆ, ಖಾಲಿ ಆದ್ಮೇಲೆ ಬತ್ತಾಳೆ" ಅನ್ನುತ್ತಿದ್ದಳಂತೆ. ಕಡೆಯ ದಿನ ಕೂಡ ವಸಂತನ ಹತ್ತಿರ ಶಿವರಾತ್ರಿಗೆ ಇನ್ನು ಎಷ್ಟು ದಿನ ಎಂದು ಕೇಳಿದ್ದಳಂತೆ. ಹದಿನಾರು ದಿನ ಎಂದು ಅವನು ಹೇಳಿದನಂತೆ. ಇದನ್ನು ಹೇಳುವಾಗ ತಮ್ಮ ನನ್ನ ಮುಖ ನೋಡಲಿಲ್ಲ.

ಕಾರ್ಯ ಮುಗಿಸಿ ನಾನು ಹಿಂತಿರುಗಿದಾಗ ಹಬ್ಬಕ್ಕೆ ಮೂರು ದಿನ ಬಾಕಿ. ದಾರಿಯುದ್ದಕ್ಕೂ ಹಣ್ಣು ಕೊಳೆತಿರಲಿ ಎಂದುಕೊಂಡೆ. ದೇವರಾಣೆಗೂ ಹಾಗೇ ಅಂದುಕೊಂಡೆ. ನನ್ನಿಂದಲೇ ಅದು ಉಳಿಯುತ್ತಿತ್ತು ಅನ್ನುವುದಾದರೂ ಉಳಿಯಲಿ ಎಂದು ಇರಬೇಕು. ಗೇಟಿನ ಹತ್ತಿರ ಭೂತಮ್ಮ ಸಿಕ್ಕಿದಳು. ಕುಯ್ಲು ಮುಗಿದು ಮತ್ತೆ ನಮ್ಮಲ್ಲಿಗೆ ಬಂದಿದ್ದಳು. ಕೈ ಹಿಡಿದುಕೊಂಡು ಸ್ವಲ್ಪ ಅತ್ತಳು, ಆಮೇಲೆ ಕಣ್ಣೊರೆಸಿಕೊಂಡು ನನ್ನನ್ನು ನಗಿಸಲು ನೋಡಿದಳು.

"ನೀವ್ ಹೋದ್ ಮಾರ್ನೇ ದಿನ ಅಯ್ನೋರು ಕೊಡ ಹೊತ್ರು ಕಣವ್ವ. ಹೆಗಲ್ ಮ್ಯಾಲ್ ಇಟ್ಕಂಡು, ಮೈಯೆಲ್ಲ ನೆನ್ಸ್ಕಂಡು. ಎಸ್ಟೇಟ್ ಜೀಪ್ನೋರು ನಿಲ್ಸಿ ನೋಡಿ ನಕ್ಕುಬುಟ್ರು. ಎಲ್ಡೇ ಕೊಡ. ಆಮೇಲ್ ಹೊರ್ನೇ ಇಲ್ಲ."

"ಮತ್ತೆ ನೀರು?"

"ಬನ್ನಿ, ನೋಡೀರಂತೆ."

ತೊಟ್ಟಿಯ ಪಕ್ಕದಲ್ಲಿ ಕಲ್ಲು ಜೋಡಿಸಿ ಅದರ ಮೇಲೆ ಹಳೆಯ ಡ್ರಮ್ಮು ನಿಲ್ಲಿಸಿದ್ದರು. ದಿಣ್ಣೆಯ ಒರತೆಯಿಂದ ಕಪ್ಪು ಪೈಪು ಕಾಫಿ ಗಿಡಗಳ ಸಂದಿಯಲ್ಲಿ ಇಳಿದು ಡ್ರಮ್ಮಿಗೆ ಬಂದಿತ್ತು. ಡ್ರಮ್ಮಿನಿಂದ ಹೊರಟ ಸಣ್ಣ ಪೈಪು ಮರಳಿನ ಸುತ್ತ ಒಂದು ಸುತ್ತು ಹೋಗಿತ್ತು. ಅದಕ್ಕೆ ಸೂಜಿಯಲ್ಲಿ ಚುಚ್ಚಿದ ತೂತುಗಳು, ಒಂದೊಂದರಿಂದಲೂ ಹನಿ. ಕಾಗದದ ಚಿತ್ರದಲ್ಲಿದ್ದ ಹಾಗೇ ಇತ್ತು. ಗೋಣಿ ಎತ್ತಿ ನೋಡಿದೆ. ಹಣ್ಣು ಒಂದೂ ಕೆಟ್ಟಿರಲಿಲ್ಲ.

ಇವರು ಕೈ ಒರೆಸಿಕೊಳ್ಳುತ್ತಾ ಬಂದರು. ಸೊರಗಿದ್ದರು. ನನ್ನನ್ನು ನೋಡಿ ಅವರ ಮುಖ ಅರಳಿತು, ಸೂತಕದ ಮನೆಯಿಂದ ಬಂದವಳು ಅನ್ನುವುದು ಆಮೇಲೆ ನೆನಪಾಗಿ ತಗ್ಗಿತು.

"ಹೆಂಗೈತೆ?" ಎಂದು ಮೆಲ್ಲಗೆ ಕೇಳಿದರು.

"ಎಷ್ಟು ದಿನ ಹಿಡೀತು?"

"ದಿನ ಎಲ್ಲಿ ಬಂತು ಮಾರಾಯ್ತಿ, ಒಂದ್ ಮಧ್ಯಾಹ್ನದ ಕೆಲ್ಸ."

"ಪೈಪು ಎಲ್ಲಿಂದ ತಂದ್ರಿ?"

"ತರೋದೇನು, ಅಟ್ಟದ್ ಮೇಲಿತ್ತಲ್ಲ. ಮೆಣಸಿನ ಬಳ್ಳಿಗೆ ಔಸ್ದಿ ಹೊಡೆಯೋಕೆ ಅಂತ ತಂದಿದ್ದು. ನಾಲ್ಕು ವರ್ಷ ಆಯ್ತು."

ಹೌದು, ಇತ್ತು. ಪ್ರತಿ ಯುಗಾದಿಗೆ ಅಟ್ಟ ಗುಡಿಸುವಾಗ ಆ ಸುರುಳಿಯನ್ನು ಎತ್ತಿ, ಧೂಳು ಕೊಡವಿ, ಮತ್ತೆ ಅದೇ ಜಾಗದಲ್ಲಿ ಇಟ್ಟವಳು ನಾನೇ. ಎರಡು ವರ್ಷ ಹತ್ತಿ ಇಳಿದ ಆ ದಿಣ್ಣೆಯ ದಾರಿಯನ್ನು ನೋಡಿದೆ. ನನ್ನ ಕಾಲು ತುಳಿದು ತುಳಿದು ಹುಲ್ಲು ಸತ್ತು ಕೆಂಪು ಮಣ್ಣು ಕಾಣುತ್ತಿತ್ತು. ಅದರ ಪಕ್ಕದಲ್ಲೇ ಪೈಪು ಮಲಗಿತ್ತು. ಕೊಡ ಬೋರಲು ಹಾಕಿದ್ದ ಕಲ್ಲಿನ ಮೇಲೆ ಕೂತೆ.

ಇವರಿಗೆ ಏನಾದರೂ ಒಳ್ಳೆಯ ಮಾತು ಆಡಬೇಕು ಅನ್ನಿಸಿರಬೇಕು. ಹತ್ತಿರ ಬಂದು ಕುಕ್ಕರುಗಾಲಿನಲ್ಲಿ ಕೂತರು.

"ಇನ್ನು ನಿಂಗೆ ಏನೂ ತಾಪತ್ರಯ ಇಲ್ಲ ಕಣೇ. ಇನ್ಮೇಲೆ ಯಾವಾಗ್ ಬೇಕಾದ್ರೂ ಹೊಂಗಡಹಳ್ಳಕ್ಕೆ ಹೋಗಿ ನಾಲ್ಕು ದಿನ ಇದ್ದು ಬರ್ಬೋದು."

"ಯಾರನ್ನ ನೋಡೋಕ್ರೀ?" ಎಂದೆ.

ಭೂತಮ್ಮ ಒಳಗೆ ಹೋದಳು. ಇವರು ಎದ್ದು ಡ್ರಮ್ಮಿನ ಹತ್ತಿರ ಹೋದರು. ನಲ್ಲಿ ಸರಿಯಾಗಿಯೇ ಇತ್ತು, ಆದರೂ ಅದನ್ನು ತಿರುಗಿಸುತ್ತಾ ನನಗೆ ಬೆನ್ನು ಮಾಡಿ ಬಹಳ ಹೊತ್ತು ಅಲ್ಲೇ ನಿಂತಿದ್ದರು.