ಕೋಕಿಲಕ್ಕನ ಎಲೆ

ಮುತ್ತೈದೆಗೆ ಕೊಟ್ಟ ಬಾಗಿನದ ಸೀರೆಯನ್ನು ಹೊಸ್ತಿಲು ದಾಟುವ ಮೊದಲೇ ವಾಪಸು ಕಿತ್ತುಕೊಂಡವಳು ನಾನು. ಕೋಲ್ಕತ್ತಾದ ಡಮ್ ಡಮ್‌ನಿಂದ ಸಿಯಾಲ್ದಾದ ರೈಲ್ವೆ ಕ್ವಾರ್ಟರ್ಸಿನವರೆಗೆ ಕನ್ನಡದವರ ಮನೆಗಳಲ್ಲೆಲ್ಲ ಈಗ ಇದೇ ಸುದ್ದಿಯಂತೆ. ಆಗಲಿ. ವಂದನಾಗೆ ತಲೆ ಕೆಟ್ಟಿದೆ ಅನ್ನುವವರು ಅನ್ನಲಿ. ಹಾಗೆ ಅನ್ನುವ ಬಾಯಿಗಳೆಲ್ಲ ನನ್ನ ಚಿಕ್ಕಿಯ ಕೈ ಅಡುಗೆ ಉಂಡ ಬಾಯಿಗಳೇ, ಅಷ್ಟು ನೆನಪಿದ್ದರೆ ಸಾಕು.

ಚಿಕ್ಕಿ ಅಂದರೆ ರತ್ನಾವತಿ, ಅಪ್ಪನ ಎರಡನೇ ಹೆಂಡತಿ. ನನ್ನನ್ನು ಹೆತ್ತಮ್ಮ ಕೋಕಿಲಾ ಹೋದಾಗ ನನಗೆ ಐದು ವರ್ಷ, ತಮ್ಮ ಪ್ರವೀಣನಿಗೆ ಎರಡು. ವರ್ಷ ತುಂಬುವ ಮೊದಲೇ ಅಪ್ಪ ಉಡುಪಿಗೆ ಹೋಗಿ ಇವಳನ್ನು ಮದುವೆಯಾಗಿ ಕರೆತಂದರು. ಅಮ್ಮನ ತವರಿನವರಿಗೆ ಕೆಂಡದಂಥ ಸಿಟ್ಟು. ಅಂದೇ ಮಾತು ಬಿಟ್ಟರು, ಮಕ್ಕಳು ಸತ್ತರೋ ಬದುಕಿದರೋ ಎಂದು ಒಂದು ಕಾಗದವನ್ನೂ ಹಾಕಲಿಲ್ಲ. ಅಪ್ಪನೋ, ಅಮ್ಮನ ಹೆಸರೆತ್ತಿದರೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುವವರು.

ಬಿಬಿಡಿ ಬಾಗ್‌ನ ಆಫೀಸುಗಳ ಹಿಂದಿನ ಗಲ್ಲಿಯಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಗಲ್ಲಾದಲ್ಲಿ ಅಪ್ಪ, ಒಲೆಯ ಮುಂದೆ ಚಿಕ್ಕಿ. ಡಮ್ ಡಮ್‌ನ ಮನೆಯಿಂದ ಬೆಳಗಿನ ಮೊದಲ ಲೋಕಲ್ ಹಿಡಿದು ಸಿಯಾಲ್ದಾದಲ್ಲಿ ಇಳಿದು, ಅಲ್ಲೇ ತರಕಾರಿ ಕೊಂಡು, ಬಸ್ಸಿನಲ್ಲಿ ನೇತಾಡಿಕೊಂಡು ಹೋಗುತ್ತಿದ್ದಳು. ಆಫೀಸಿನ ಬಾಬುಗಳು ಬರುವಷ್ಟರಲ್ಲಿ ಇಡ್ಲಿ ಬೆಂದು, ದೋಸೆ ಹಿಟ್ಟು ಹದವಾಗಿ, ಸಾಂಬಾರು ಕುದಿಯುತ್ತಿರಬೇಕು. ಜನರಿಗೆ ಬಡಿಸುವ ಮೊದಲು ಅವಳು ನಾಲಿಗೆಗೆ ಹಚ್ಚಿ ನೋಡಿದವಳಲ್ಲ. ಹಬೆಗೆ ಮುಖ ಒಡ್ಡಿ, “ಉಪ್ಪು ಒಂದು ಚಿಟಿಕೆ ಬೇಕು” ಎನ್ನುತ್ತಿದ್ದಳು. ಮೀನು ತಿನ್ನುವ ಬಂಗಾಳಿ ಬಾಬುಗಳು ಅಡುಗೆಮನೆಯ ಕಿಂಡಿಯಲ್ಲಿ ಬಗ್ಗಿ, “ಮಾಶಿಮಾ, ಇನ್ನೊಂದು ಚೂರು ಚಟ್ನಿ” ಎಂದು ಕೇಳುತ್ತಿದ್ದರು. ಮೂವತ್ತು ವರ್ಷ ಅವಳು ಆ ಕಿಂಡಿಯಿಂದಲೇ ಕೋಲ್ಕತ್ತಾ ನೋಡಿದ್ದು.

ಮಧ್ಯಾಹ್ನ ಮೂರಕ್ಕೆ ನಾವು ಶಾಲೆಯಿಂದ ಬರುವಾಗ ಟಿಫಿನ್ ಕ್ಯಾರಿಯರ್ ಹಿಡಿದು ಅವಳು ಮನೆಯಲ್ಲಿರಬೇಕು. ಅದು ಅವಳೇ ಹಾಕಿಕೊಂಡ ಕಟ್ಟು. ಒಂದು ಬಂದ್‌ನ ದಿನ ಮಧ್ಯಾಹ್ನವೇ ರೈಲು, ಬಸ್ಸು ಎಲ್ಲ ನಿಂತುಹೋದವು. ಬಿಸಿಲಲ್ಲಿ ಡಮ್ ಡಮ್ ತನಕ ನಡೆದು ಬಂದು, ಐದು ಗಂಟೆಗೆ ಬಾಗಿಲಲ್ಲಿ ನಿಂತಳು. ಚಪ್ಪಲಿಯ ಉಂಗುಟ ಕಿತ್ತುಹೋಗಿತ್ತು, ಕ್ಯಾರಿಯರ್ ಮಾತ್ರ ನೆಟ್ಟಗಿತ್ತು. ಒಂಬತ್ತು ವರ್ಷದ ನಾನು ಏನಂದೆ ಗೊತ್ತೇ? “ನನ್ನಮ್ಮ ಆಗಿದ್ರೆ ಬೆಳಿಗ್ಗೆ ನಮ್ಮನ್ನು ಬಿಟ್ಟು ಹೋಗ್ತಾನೇ ಇರ್ಲಿಲ್ಲ” ಅಂದೆ.

“ಹೌದು ಮಗಾ, ಹೋಗ್ತಿರ್ಲಿಲ್ಲ” ಎಂದಳು ಚಿಕ್ಕಿ. ಕೈಕಾಲು ತೊಳೆದು ಬಂದು ಅನ್ನ ಕಲಸಿಕೊಟ್ಟಳು.

‘ನನ್ನಮ್ಮ ಆಗಿದ್ರೆ’ ಎಂಬುದು ನನ್ನ ಕೈಯ ಕೋಲಾಗಿತ್ತು. ಆ ಕೋಲನ್ನು ಕೊಟ್ಟವಳೂ ಚಿಕ್ಕಿಯೇ. ಸಂಜೆ ನನ್ನ ತಲೆ ಬಾಚುವಾಗ ಅಮ್ಮನ ಸುದ್ದಿ ಹೇಳುತ್ತಿದ್ದಳು. ಕೋಕಿಲಕ್ಕನಿಗೆ ಹಾಗಲಕಾಯಿ ಗೊಜ್ಜು ಅಂದ್ರೆ ಪ್ರಾಣ, ಅದಕ್ಕೆ ಬೆಲ್ಲ ಸ್ವಲ್ಪ ಮುಂದೆ ಇರಬೇಕು. ಕೋಕಿಲಕ್ಕನಿಗೆ ನವಿಲು ಬಣ್ಣದ ಸೀರೆ ಇಷ್ಟ. ಕೋಕಿಲಕ್ಕನಿಗೆ ಗುಡುಗು ಅಂದ್ರೆ ಹೆದರಿಕೆ, ಆದರೂ ಕಿಟಕಿಯಲ್ಲಿ ನಿಂತು ಮಳೆ ನೋಡಬೇಕು. ಕೋಕಿಲಕ್ಕ ಮಕ್ಕಳ ಮೇಲೆ ಒಂದು ದಿನವೂ ಕೈ ಎತ್ತಿದವಳಲ್ಲ. ಫೋಟೋದಲ್ಲಿ ಬಿಗಿದುಕೊಂಡು ನಿಂತ ಹೆಂಗಸಿಗೆ ಜೀವ ಬಂದದ್ದು ಹೀಗೆ. ನಾನೂ ಪ್ರವೀಣನೂ ಆ ಅಮ್ಮನನ್ನು ಪ್ರೀತಿಸಿದೆವು, ಈ ಚಿಕ್ಕಿಯನ್ನು ದೂರ ಇಟ್ಟೆವು. ಒಮ್ಮೆಯೂ ಅಮ್ಮ ಎಂದು ಕರೆಯಲಿಲ್ಲ.

ಮಹಾಲಯ ಪಕ್ಷದಲ್ಲಿ ಅವಿಧವಾ ನವಮಿ ಬರುತ್ತದಲ್ಲ, ಗಂಡನಿಗಿಂತ ಮುಂಚೆ ಹೋದ ಹೆಂಗಸರ ಹೆಸರಲ್ಲಿ ಒಬ್ಬ ಮುತ್ತೈದೆಗೆ ಊಟ ಹಾಕಿ ಸೀರೆ ಕೊಡುವ ದಿನ, ಅದನ್ನು ಚಿಕ್ಕಿ ಒಂದು ವರ್ಷವೂ ತಪ್ಪಿಸಲಿಲ್ಲ. ಅಪ್ಪ ಹೋದ ಮೇಲೆ “ಇನ್ನು ನಿಲ್ಲಿಸಬಹುದು” ಎಂದು ಭಟ್ಟರೇ ಹೇಳಿದರು. “ನನ್ನ ಕೈಯಲ್ಲಿ ಆಗುವಷ್ಟು ದಿನ ಕೋಕಿಲಕ್ಕನ ಎಲೆ ತಪ್ಪಬಾರದು” ಎಂದಳು. ಹೊರಗೆ ದುರ್ಗಾಪೂಜೆಯ ಪಂಡಾಲಿಗೆ ಬಿದಿರು ಕಟ್ಟುತ್ತಿರುತ್ತಾರೆ, ಒಳಗೆ ಇವಳು ಒದ್ದೆ ಸೀರೆಯಲ್ಲಿ ಸವತಿಗಾಗಿ ವಡೆ ತಟ್ಟುತ್ತಿರುತ್ತಾಳೆ. ಪ್ರತಿ ವರ್ಷ ಹಾಗಲಕಾಯಿ ಗೊಜ್ಜು. ಪ್ರತಿ ವರ್ಷ ಮುತ್ತೈದೆಗೆ ನವಿಲು ಬಣ್ಣದ ಸೀರೆ. ತಾನು ಮಾತ್ರ ಎಣ್ಣೆ ಕಲೆಯ ಎರಡು ಹತ್ತಿ ಸೀರೆಯಲ್ಲಿ ವರ್ಷ ಕಳೆಯುವವಳು.

ಎಲ್ಲರ ಊಟವಾದ ಮೇಲೆ ಅಡುಗೆಮನೆಯ ನೆಲದಲ್ಲಿ ಕೂತು, ಗೊಜ್ಜಿನ ಬಾಣಲೆಗೇ ಅನ್ನ ಹಾಕಿ, ತಳ ಹೊಳೆಯುವ ತನಕ ಒರೆಸಿ ತಿನ್ನುತ್ತಿದ್ದಳು. ಹದಿನಾಲ್ಕು ವರ್ಷದವಳಿದ್ದಾಗ ಅದನ್ನು ನೋಡಿ, “ನನ್ನಮ್ಮನ ಎಲೆಯದ್ದನ್ನೂ ಬಿಡುದಿಲ್ಲ ಅಲ್ವಾ ನೀವು?” ಎಂದಿದ್ದೆ. ಅವಳು ಬಾಣಲೆ ಬದಿಗಿಟ್ಟು ಕೈ ತೊಳೆದುಕೊಂಡಳು. ಥೂ, ನನ್ನ ಬಾಯಿಗೆ ಮಣ್ಣು ಹಾಕಬೇಕಿತ್ತು ಯಾರಾದರೂ.

ಕಳೆದ ವರ್ಷ ವೈಶಾಖದಲ್ಲಿ ಚಿಕ್ಕಿ ಹೋದಳು. ಹೊಟ್ಟೆಯಲ್ಲಿ ಗಡ್ಡೆ. ನೋವು ನುಂಗಿಕೊಂಡು ಒಲೆಯ ಮುಂದೆ ನಿಂತಿದ್ದಳಂತೆ, ನಮಗೆ ಹೇಳಿದವರು ಆ ಬಾಬುಗಳು. ಆಸ್ಪತ್ರೆಯಲ್ಲಿ ಕೊನೆಗೆ ಹೇಳಿದ್ದೂ ಒಂದೇ ಮಾತು: “ನವಮಿ ಬಿಡ್ಬೇಡಿ ಮಕ್ಳೇ.”

ವರ್ಷಾಂತಿಕ ಮುಗಿದು ಇದು ಮೊದಲ ಪಕ್ಷ. ನಾನು ತಮ್ಮನಿಗೆ ಹೇಳಿದೆ, “ಪ್ರವೀಣ, ಅಮ್ಮನ ಎಲೆ ಪಕ್ಕ ಚಿಕ್ಕಿಗೂ ಒಂದು ಎಲೆ ಹಾಕುವ.”

“ಎಂತ ಮಾತಾಡ್ತೀಯಾ ಅಕ್ಕಾ? ಚಿಕ್ಕಿ ವಿಡೋ ಆಗಿ ಹೋದದ್ದು. ಈ ದಿನ ಅವರಿಗಿಲ್ಲ. ಮತ್ತೆ ಅಮ್ಮನ ಪಕ್ಕದಲ್ಲಿ ಸವತೀನ ಕೂರಿಸ್ತಾರಾ? ಅಮ್ಮನಿಗೆ ಬೇಜಾರಾಗುದಿಲ್ವಾ?”

ಊರಿಗೆಲ್ಲ ಬಾಯಿ ಮಾಡುವ ನಾನು ಅಂದು ಒಂದೇ ಎಲೆಗೆ ಒಪ್ಪಿಕೊಂಡೆ. ನನಗೂ ಒಳಗೊಳಗೆ ಅದೇ ಅಳುಕು. ಮಳೆ ನೋಡುವ, ಕೈ ಎತ್ತದ, ಮೆತ್ತಗಿನ ನನ್ನಮ್ಮ ನೊಂದುಕೊಂಡರೆ?

ಮುತ್ತೈದೆಯಾಗಿ ಬಂದದ್ದು ಸುಲೋಚನಾ ದೊಡ್ಡಮ್ಮ, ಅಮ್ಮನ ಸ್ವಂತ ಅಕ್ಕ. ಮಗ ನವೀನನಿಗೆ ರೈಲ್ವೆಯಲ್ಲಿ ಸಿಯಾಲ್ದಾಕ್ಕೆ ವರ್ಗವಾಗಿ, ಗಂಡನ ಜೊತೆ ಅವನ ಕ್ವಾರ್ಟರ್ಸಿಗೆ ಬಂದಿದ್ದಳು. ಚಿಕ್ಕಿ ಇರುವ ತನಕ ನಮ್ಮ ಮನೆ ಕಡೆ ತಲೆ ಹಾಕದವಳು, ಈಗ ಕರೆದ ಕೂಡಲೇ ಬಂದಳು. ಪ್ರವೀಣನ ಹೆಂಡತಿ ತವರಿಗೆ ಹೋಗಿದ್ದರಿಂದ ಅಡುಗೆ ನನ್ನ ಪಾಲಿಗೆ. ಚಿಕ್ಕಿಯ ಕ್ರಮದಲ್ಲೇ ಎಲ್ಲ ಮಾಡಿದೆ, ಬೆಲ್ಲ ಸ್ವಲ್ಪ ಮುಂದೆ. ಸೀರೆಯನ್ನು ಕೊಳ್ಳುವ ಕೆಲಸವೇ ಇರಲಿಲ್ಲ. ಚಿಕ್ಕಿಯ ಟ್ರಂಕಿನಲ್ಲಿ ಒಂದು ಹೊಸ ನವಿಲು ಬಣ್ಣದ ಸೀರೆ ಇತ್ತು. ತಾನು ಕಾಣದ ನವಮಿಗೆ ಮುಂಚೆಯೇ ತಂದಿಟ್ಟು ಹೋಗಿದ್ದಳು.

ದೊಡ್ಡಮ್ಮ ಊಟಕ್ಕೆ ಕೂತಳು. ವಡೆ ತಿಂದಳು, ಪಾಯಸ ಎರಡು ಸಲ ಹಾಕಿಸಿಕೊಂಡಳು. ಗೊಜ್ಜನ್ನು ಎಲೆಯ ತುದಿಗೆ ನೂಕಿದಳು.

“ಇದನ್ನು ಯಾಕೆ ಮಾಡಿದ್ದು ಮಾರಾಯ್ತಿ?”

“ಅಮ್ಮನಿಗೆ ಪ್ರಾಣ ಅಲ್ವಾ ದೊಡ್ಡಮ್ಮ?”

ದೊಡ್ಡಮ್ಮ ನಕ್ಕಳು. “ಕೋಕಿಲನಿಗಾ? ಹಾಗಲಕಾಯಿಯಾ? ಅಯ್ಯೋ ದೇವರೇ! ಎಲೆಗೆ ಬಡಿಸಿದ್ರೆ ಎಲೆ ಸಮೇತ ಎತ್ತಿ ಬಿಸಾಡ್ತಿದ್ಲು. ಅವಳಿಗೆ ಮೂಗಿನ ತುದಿಯಲ್ಲೇ ಸಿಟ್ಟು. ನಿನ್ನ ಹಾಗೇ.”

“ಗುಡುಗಿಗೆ ಹೆದರ್ತಿದ್ರಂತಲ್ಲ?”

“ಅವಳಾ? ಗುಡುಗೇ ಅವಳಿಗೆ ಹೆದರ್ಬೇಕು. ನಿಂಗೆ ಎರಡು ವರ್ಷ ಇರುವಾಗ ಹಾಲು ಚೆಲ್ಲಿದ್ದಕ್ಕೆ ನಿನ್ನ ಬೆನ್ನಲ್ಲಿ ಐದು ಬೆರಳು ಮೂಡುವ ಹಾಗೆ ಬಾರಿಸಿದ್ಲು. ಪ್ರೀತಿ ಇತ್ತು, ಇಲ್ಲ ಅಂತಲ್ಲ. ಇದೆಲ್ಲ ನಿಂಗೆ ಹೇಳಿದ್ದು ಯಾರು?”

ಹೇಳಿದವಳು ಕೋಕಿಲಾ ಎಂಬವಳ ಮುಖವನ್ನು ಫೋಟೋದಲ್ಲಲ್ಲದೆ ಕಂಡವಳಲ್ಲ. ಅಮ್ಮ ಸತ್ತ ಮೇಲೆ ಈ ಊರಿಗೆ ಬಂದವಳು. ಕೇಳೋಣವೆಂದರೆ ಅಪ್ಪ ಬಾಯಿ ಬಿಡುವವರಲ್ಲ, ತವರಿನವರು ಬಾಗಿಲು ಹಾಕಿಕೊಂಡಿದ್ದರು. ‘ನನ್ನಮ್ಮ ಹೇಗಿದ್ದಳು’ ಎಂದು ಐದು ವರ್ಷದ ನಾನು ಮೂಗು ಸುರಿಸಿಕೊಂಡು ಕೇಳಿದಾಗ ಅವಳ ಹತ್ತಿರ ಕೊಡಲು ಏನಿತ್ತು? ತಾನಿದ್ದಳು. ತನ್ನನ್ನೇ ಕೊಟ್ಟಳು. ಬೇಸಿಗೆಯ ಬಿರುಮಳೆ ಕಾಲಬೈಸಾಖಿಯ ಗುಡುಗಿಗೆ ಬೆಚ್ಚುತ್ತಲೇ ಕಿಟಕಿಯಲ್ಲಿ ನಿಂತು ಮಳೆ ನೋಡುತ್ತಿದ್ದ ಚಿಕ್ಕಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಾಣಲೆ ಒರೆಸಿ ತಿನ್ನುವುದನ್ನು ಕಂಡಿದ್ದೇನೆ. ಕಂಡು ಆಡಿಕೊಂಡಿದ್ದೇನೆ. ನಮ್ಮ ಮೇಲೆ ಒಂದು ದಿನವೂ ಕೈ ಎತ್ತದಿದ್ದವಳೂ ಅವಳೇ.

ಪ್ರವೀಣ ಕೆಂಪಗಾಗಿದ್ದ. “ಹಾಗಾದ್ರೆ ಇಷ್ಟು ವರ್ಷ ನಮಗೆ ಸುಳ್ಳು ಹೇಳಿದ್ದಾ ಚಿಕ್ಕಿ? ಚೀಟಿಂಗ್ ಅಲ್ವಾ ಇದು?”

“ಮುಚ್ಚು ಬಾಯಿ” ಎಂದೆ. “ಅವಳು ಬೇಯಿಸಿ ಹಾಕಿದ್ದರಲ್ಲಿ ನಿನ್ನ ಮೈ ಬೆಳೆದದ್ದು. ಅದೂ ಸುಳ್ಳಾ?”

ದೊಡ್ಡಮ್ಮನಿಗೆ ನಮ್ಮ ಜಗಳದ ತಲೆಬುಡ ಗೊತ್ತಾಗಲಿಲ್ಲ. ಬಾಗಿನ ತೆಗೆದುಕೊಂಡು, ಸೀರೆಯನ್ನು ಬೆಳಕಿಗೆ ಹಿಡಿದು ನೋಡಿದಳು. “ಈ ಬಣ್ಣ ನಂಗೆ ಆಗುದಿಲ್ಲ. ಕೋಕಿಲನಿಗೂ ಆಗ್ತಿರ್ಲಿಲ್ಲ. ಇರ್ಲಿ, ನವೀನನ ಮನೆ ಕೆಲಸದವಳಿಗೆ ಕೊಡ್ತೇನೆ.” ಚಪ್ಪಲಿ ಮೆಟ್ಟಿಕೊಳ್ಳಲು ಬಗ್ಗಿದಳು.

“ಕೊಡಿ ಇಲ್ಲಿ” ಎಂದೆ.

“ಎಂತದ್ದು?”

“ಸೀರೆ. ವಾಪಸು ಕೊಡಿ.”

“ಅಕ್ಕಾ!” ಎಂದು ಪ್ರವೀಣ ಕೂಗಿದ. ಮುತ್ತೈದೆಗೆ ಕೊಟ್ಟದ್ದನ್ನು ವಾಪಸು ಕೇಳುತ್ತಾರಾ, ಮನೆಗೆ ಒಳ್ಳೆಯದಾಗುತ್ತದಾ ಎಂದು ದೊಡ್ಡಮ್ಮ ಕೇಳಿದಳು. ನನಗೆ ಕೇಳಿಸಿತು. ಕೇಳಿಸಿಯೂ ಅವಳ ಕಂಕುಳಿನಿಂದ ಸೀರೆ ಎಳೆದುಕೊಂಡೆ. ಹೆತ್ತಮ್ಮನಿಂದ ನನಗೆ ಬಂದದ್ದು ಈ ಸಿಟ್ಟೊಂದೇ. ಅದಾದರೂ ಅಂದು ಕೆಲಸಕ್ಕೆ ಬಂತು.

ದೊಡ್ಡಮ್ಮ ಅಳುತ್ತಾ ಹೋದಳು. ಪ್ರವೀಣ ಅವಳನ್ನು ಬಿಟ್ಟುಬರಲು ಹಿಂದೆಯೇ ಓಡಿದ. ನಾನು ಅಡುಗೆಮನೆಗೆ ಹೋಗಿ, ಚಿಕ್ಕಿ ಕೂರುತ್ತಿದ್ದ ಜಾಗದಲ್ಲಿ ಎಲೆ ಹಾಕಿ, ಪಕ್ಕದಲ್ಲಿ ಸೀರೆ ಇಟ್ಟೆ. ಗೊಜ್ಜು ಬಡಿಸಿದೆ. ಎಲೆಗೆ ಬಾ ಎಂದು ಕರೆಯಬೇಕಲ್ಲ, ‘ಅಮ್ಮಾ’ ಎನ್ನಲು ಬಾಯಿ ತೆರೆದೆ. ಬರಲಿಲ್ಲ. ಮೂವತ್ತು ವರ್ಷ ಹಟ ಹಿಡಿದ ನಾಲಿಗೆ ಅವತ್ತು ಬೇಕೆಂದರೂ ಹೊರಳಲಿಲ್ಲ.

ನನ್ನ ಮಗಳು ಶ್ರೇಯಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ಮಮ್ಮಾ, ಇದು ಕಿಸ್‌ಕೇ ಲಿಯೇ? ಯಾರಿಗೆ?”

“ರತ್ನಾಜ್ಜಿಗೆ.”

“ಅಜ್ಜಿಗೆ ಏನೇನು ಇಷ್ಟ ಇತ್ತು?”

ಅವಳು ಬದುಕಿದ್ದಾಗ ನಾವು ಯಾರೂ ಕೇಳದ ಪ್ರಶ್ನೆ. ಹಾಗಲಕಾಯಿ ಗೊಜ್ಜು, ಬೆಲ್ಲ ಸ್ವಲ್ಪ ಮುಂದೆ ಇರಬೇಕು ಎಂದೆ. ನವಿಲು ಬಣ್ಣದ ಸೀರೆ ಎಂದೆ. ಕಿಟಕಿಯಲ್ಲಿ ನಿಂತು ಮಳೆ ನೋಡುವುದು ಎಂದೆ. ಒಂದೂ ತಡವರಿಸಲಿಲ್ಲ. ಎಲ್ಲವೂ ನನಗೆ ಬಾಯಿಪಾಠವಾಗಿತ್ತು, ದಿನಾ ಸಂಜೆ ತಲೆ ಬಾಚುತ್ತಾ ಅವಳೇ ಹೇಳಿಕೊಟ್ಟಿದ್ದಳು.